ಗುಂಡು ಹಾರಿಸದ ಸುಬೇದಾರ್ ಮೇಜರಿಗೆ ಒಂದು ಸನ್ಮಾನ ಪತ್ರ

ನಮ್ಮ ಉಡುಪಿ ಕಡೆ ಸನ್ಮಾನಕ್ಕೆ ಬರಗಾಲ ಅಂತ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ, ಶಾಲೆಯ ಬೆಳ್ಳಿಹಬ್ಬ, ಗಣೇಶೋತ್ಸವ, ಬಯಲಾಟ, ಎಲ್ಲದರ ನಡುವೆ ಒಂದು ಸನ್ಮಾನ ಇರಲೇಬೇಕು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಜೊತೆಗೆ ಫ್ರೇಮ್ ಹಾಕಿಸಿದ ಸನ್ಮಾನ ಪತ್ರ. ಅದನ್ನು ಯಾರಾದರೂ ಮೈಕಿನ ಮುಂದೆ ರಾಗವಾಗಿ ಓದುತ್ತಾರೆ. ಸನ್ಮಾನ ಆಗುತ್ತಿರುವವರು ಮುಖ ಎಲ್ಲಿಟ್ಟುಕೊಳ್ಳಬೇಕು ಅಂತ ಗೊತ್ತಾಗದೆ ಪಂಚೆ ಸರಿ ಮಾಡಿಕೊಳ್ಳುತ್ತಾ ಕೂತಿರುತ್ತಾರೆ.

ನಮ್ಮ ಸಂಘದಲ್ಲಿ ಈ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ. ಹೆಸರು ಬದಲಾಯಿಸಿದರೆ ಸಾಕು. ಮೇಷ್ಟ್ರಾದರೆ 'ಜ್ಞಾನದೀವಿಗೆ', ಡಾಕ್ಟರಾದರೆ 'ಧನ್ವಂತರಿ', ಸೈನಿಕರಾದರೆ 'ಗಡಿಯಲ್ಲಿ ವೈರಿಗಳ ಎದೆ ನಡುಗಿಸಿದ ಕಲಿ'. ಈ ಸಲ ಸನ್ಮಾನ ಇದ್ದದ್ದು ನಮ್ಮೂರಿನ ಮಿಲಿಟ್ರಿ ಮಾಮನಿಗೆ. ಕಾರ್ಯದರ್ಶಿಯವರು ಹಿಂದಿನ ಯಾವುದೋ ಸೈನಿಕರ ಪತ್ರವನ್ನೇ ಕೈಗೆ ಕೊಟ್ಟು, "ಇದನ್ನೇ ಸ್ವಲ್ಪ ತಿದ್ದಿ, ಸಾಕು" ಅಂದರು. ನಾನು ಅದನ್ನು ಮಾಮನ ಎದುರಿಗೇ ಹಿಡಿದೆ. ಅವರು ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಓದಿದರು.

"ವೈರಿಗಳ ಎದೆ ನಾನು ಯಾವಾಗ ನಡುಗಿಸಿದೆ ಮಾರಾಯ? ನನ್ನ ಎದೆ ನಡುಗಿಸಿದ್ದು ಆಡಿಟ್‌ನವರು."

ಆ ಸಾಲಿನ ಮೇಲೆ ನೇರವಾಗಿ ಒಂದು ಗೀಟು ಬಿತ್ತು.

ಮಾಮ ಇದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ, ಎ.ಎಸ್.ಸಿ. ಅಂತಾರೆ. ಸೈನ್ಯಕ್ಕೆ ಊಟ, ಎಣ್ಣೆ, ಲಾರಿ ಇವೆಲ್ಲ ಅವರ ಜವಾಬ್ದಾರಿ. ಮದ್ದುಗುಂಡು, ಬಟ್ಟೆಬರೆ, ಬಿಡಿಭಾಗಗಳನ್ನು ನೋಡಿಕೊಳ್ಳಲು ಆರ್ಡ್‌ನೆನ್ಸ್ ಕೋರ್ ಬೇರೆ ಇದೆ. ಎ.ಎಸ್.ಸಿ.ಯ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಹಾಗಿದ್ದೂ ಬೆಂಗಳೂರಿನವರಿಗೆ ಆ ಹೆಸರು ಗೊತ್ತಿರುವುದು ಬೈಕ್ ಸಾಹಸದಿಂದ. 2017ರಲ್ಲಿ ಯಲಹಂಕದಲ್ಲಿ ಒಂದೇ ಬುಲೆಟ್ ಮೇಲೆ 58 ಜನ ಹೋದರಲ್ಲ, ಆ ಟಾರ್ನೆಡೋಸ್ ತಂಡ ಈ ಕೋರ್‌ನದ್ದೇ. ಗೋಣಿ ಎಣಿಸುವವರನ್ನು ಟಿವಿಯಲ್ಲಿ ಯಾರು ತೋರಿಸುತ್ತಾರೆ, ಅಲ್ವಾ?

ದರ್ಜೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಜನರಿಗೆ ಗೊಂದಲ ಜಾಸ್ತಿ. ಮಿಲಿಟ್ರಿಯವರೆಂದರೆ ಒಂದೋ ಜವಾನ, ಇಲ್ಲದಿದ್ದರೆ ಕರ್ನಲ್. ನಡುವೆ ಒಂದು ದೊಡ್ಡ ಏಣಿ ಇದೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಅದರ ಮೇಲೆ ಜೆ.ಸಿ.ಒ.ಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರುಗಳು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಬೇರೆ ಎಷ್ಟೋ ದೇಶಗಳ ಸೈನ್ಯದಲ್ಲಿ ಹೆಚ್ಚುಕಮ್ಮಿ ಈ ಜಾಗದಲ್ಲಿರುವವರಿಗೆ ವಾರಂಟ್ ಆಫೀಸರ್ ಅಂತಾರೆ. ನಮ್ಮ ವಾಯುಪಡೆಯಲ್ಲೂ ಅದೇ ಹೆಸರಿದೆ. ಭೂಸೇನೆಯಲ್ಲಿ ಮಾತ್ರ ಹಳೆಯ ಸುಬೇದಾರರೇ ಉಳಿದುಕೊಂಡಿದ್ದಾರೆ. ಬ್ರಿಟಿಷರ ಕಾಲದಲ್ಲಿ ಇವರು ವೈಸರಾಯ್ ಕಮಿಷನ್ಡ್ ಆಫೀಸರುಗಳು. ನಾಯಬ್ ಸುಬೇದಾರನನ್ನು 1965ರವರೆಗೂ ಜಮಾದಾರ್ ಎಂದೇ ಕರೆಯುತ್ತಿದ್ದರು.

ಒಂದು ಯೂನಿಟ್‌ನಲ್ಲಿ ಸುಬೇದಾರ್ ಮೇಜರ್ ಒಬ್ಬರೇ. ಎರಡು ಮೂರು ವರ್ಷಕ್ಕೊಮ್ಮೆ ಕಮಾಂಡಿಂಗ್ ಆಫೀಸರ್ ಬದಲಾಗುತ್ತಾರೆ. ಹೊಸಬರು ಬಂದಾಗ ಪಕ್ಕದಲ್ಲಿ ನಿಂತು, "ಸರ್, ಇಲ್ಲಿ ಹೀಗೆ" ಅಂತ ಮೆಲ್ಲಗೆ ಹೇಳುವವರು ಇವರೇ. ಸಿಪಾಯಿಗೆ ಮನೆಯಲ್ಲಿ ಆಸ್ತಿ ಜಗಳವಾದರೂ ಮೊದಲು ಗೊತ್ತಾಗುವುದು ಇವರಿಗೆ. ಆಫೀಸರುಗಳೂ ಇವರನ್ನು 'ಸಾಬ್' ಅನ್ನುತ್ತಾರೆ. ಒಳ್ಳೆಯ ಸೇವೆ ಮಾಡಿದ ಹಿರಿಯರಿಗೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಅಂತ ಗೌರವ ದರ್ಜೆ ಕೊಡುತ್ತಾರೆ. ನಮ್ಮ ಮಾಮ ಆನರರಿ ಲೆಫ್ಟಿನೆಂಟ್ ಆಗಿ ಹೊರಬಂದವರು. ಅದು ಆಮಂತ್ರಣ ಪತ್ರಿಕೆಯಲ್ಲಿ ಹೇಗೆ ಅಚ್ಚಾಯಿತು ಅಂತ ಹೇಳದಿರುವುದೇ ವಾಸಿ.

ಮಾಮನ ಕೆಲಸ ಏನಿತ್ತು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಯಾವ ಯುದ್ಧದ ಕಥೆಯಿಂದಲೂ ಅಲ್ಲ. ನಮ್ಮೂರ ದೇವಸ್ಥಾನದ ಬ್ರಹ್ಮಕಲಶದ ಸಮಯ. ಹೊರೆಕಾಣಿಕೆಯ ಮೆರವಣಿಗೆಯಲ್ಲಿ ಟೆಂಪೊ, ಪಿಕಪ್, ಲಾರಿಗಳಲ್ಲಿ ಸಾಮಾನು ಬಂದು ಬೀಳುತ್ತಿತ್ತು. ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಬೆಲ್ಲ, ಸಕ್ಕರೆ, ತೆಂಗಿನಕಾಯಿ, ಸೌತೆ, ಕುಂಬಳ, ಬಾಳೆಗೊನೆ. ಹಿಂದೆಲ್ಲ ಇವನ್ನು ಬಂದ ಹಾಗೆ ಒಂದರ ಮೇಲೊಂದು ರಾಶಿ ಹಾಕುತ್ತಿದ್ದರು. ಅಡಿಯಲ್ಲಿದ್ದದ್ದು ಅಡಿಯಲ್ಲೇ ಕೊಳೆಯುತ್ತಿತ್ತು. ಆ ಸಲ ಉಗ್ರಾಣವನ್ನು ಮಾಮನಿಗೆ ವಹಿಸಿದರು.

ಮೊದಲು ಅವರು ಕೇಳಿದ್ದು ಹಲಗೆ. ನಮ್ಮ ಕರಾವಳಿಯ ನೆಲ ಯಾವಾಗಲೂ ಥಂಡಿ. ನೆಲದ ಮೇಲೆ ನೇರ ಗೋಣಿ ಇಟ್ಟರೆ ಅಡಿಯ ಅಕ್ಕಿಗೆ ಬೂಸರು ಬರುತ್ತದೆ. ಹಲಗೆ ಹಾಸಿ, ಗೋಡೆಯಿಂದ ಒಂದೂವರೆ ಮೊಳ ಬಿಟ್ಟು, ಅಟ್ಟಿ ಕಟ್ಟಿಸಿದರು. ಒಂದು ವರಸೆ ಅಡ್ಡ, ಒಂದು ವರಸೆ ಉದ್ದ, ಎಲ್ಲ ಅಟ್ಟಿಯೂ ಒಂದೇ ಎತ್ತರ. "ಎಣಿಸಲಿಕ್ಕೆ ಗೋಣಿ ಮುಟ್ಟಬಾರದು, ಬಾಗಿಲಲ್ಲಿ ನಿಂತು ಲೆಕ್ಕ ಸಿಗಬೇಕು" ಅಂದರು. ಪ್ರತಿ ಅಟ್ಟಿಗೆ ಒಂದು ರಟ್ಟಿನ ಚೀಟಿ: ಯಾವತ್ತು ಬಂತು, ಯಾರಿಂದ, ಎಷ್ಟು. ಕೈಯಲ್ಲಿ ಒಂದಿಷ್ಟು ಅಕ್ಕಿ ತೆಗೆದು ಮೂಸಿ, ಒಂದು ಕಾಳು ಹಲ್ಲಿನಲ್ಲಿ ಕಡಿದು, "ಇದು ಮೊದಲು ಹೋಗಲಿ, ಇದು ನಿಲ್ಲುವುದಿಲ್ಲ" ಅನ್ನುತ್ತಿದ್ದರು. ಸೀಮೆಎಣ್ಣೆಯ ಡಬ್ಬ ಯಾರೋ ಸಕ್ಕರೆ ಮೂಟೆಯ ಪಕ್ಕ ಇಟ್ಟಿದ್ದರು. ಅದನ್ನು ಕಂಡಾಗ ಮಾತ್ರ ಅವರ ಮಿಲಿಟ್ರಿ ಹಿಂದಿ ಹೊರಗೆ ಬಂತು.

ಅಡುಗೆ ಭಟ್ಟರಿಗೂ ಅವರಿಗೂ ಮೊದಲ ದಿನ ಸರಿಹೋಗಲಿಲ್ಲ. ಸಹಿ ಇಲ್ಲದೆ ಬೆಲ್ಲದ ಒಂದು ಅಚ್ಚೂ ಹೊರಗೆ ಹೋಗುತ್ತಿರಲಿಲ್ಲ. "ದೇವರ ಕೆಲಸಕ್ಕೂ ಸಹಿಯಾ?" ಅಂತ ಭಟ್ಟರು ಸಿಟ್ಟಾದರು. ಕಲಶಾಭಿಷೇಕದ ದಿನ ಅಂದಾಜಿಗಿಂತ ಜಾಸ್ತಿ ಜನ ಬಂದರು. ಇನ್ನೆಷ್ಟು ಪಂಕ್ತಿಗೆ ಆಗುತ್ತದೆ ಅಂತ ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ ಬಂದರೆ, ಮಾಮ ಪುಸ್ತಕ ತೆರೆದು ನಿಂತಲ್ಲೇ ಹೇಳಿದರು. ಅನ್ನ ಕಡಿಮೆ ಬೀಳಲಿಲ್ಲ. ಆಮೇಲೆ ಭಟ್ಟರು ತಾವಾಗಿಯೇ ಬಂದು ಸಹಿ ಹಾಕಲು ಶುರು ಮಾಡಿದರು.

ಇದೇ ಕೆಲಸವನ್ನು ಲಡಾಖ್‌ನಲ್ಲಿ ಊಹಿಸಿಕೊಳ್ಳಿ.

ಲೇಹ್‌ಗೆ ರಸ್ತೆ ಎರಡೇ ಅಂತ ಇದ್ದ ಕಾಲ ಅದು. ಶ್ರೀನಗರದ ಕಡೆಯಿಂದ ಬಂದರೆ ಜೊಜಿಲಾ ಕಣಿವೆ, ಸುಮಾರು 11,500 ಅಡಿ. ಮನಾಲಿಯಿಂದ ಹೋದರೆ ರೋಹ್ತಾಂಗ್ ಮತ್ತು ಅದಕ್ಕಿಂತ ಎತ್ತರದ ಇನ್ನಷ್ಟು ಕಣಿವೆಗಳು. ಹಿಮ ಬಿದ್ದರೆ ಎರಡೂ ಬಂದ್. ನವೆಂಬರ್ ಹೊತ್ತಿಗೆ ಮುಚ್ಚಿದ ದಾರಿ ಏಪ್ರಿಲ್, ಮೇ ತನಕ ತೆರೆಯುತ್ತಿರಲಿಲ್ಲ. ಅಷ್ಟೂ ತಿಂಗಳಿಗೆ ಬೇಕಾದ ಅಕ್ಕಿ, ಹಿಟ್ಟು, ಬೇಳೆ, ಎಣ್ಣೆ, ಹಾಲಿನ ಪುಡಿ, ಡೀಸೆಲ್, ಸೀಮೆಎಣ್ಣೆ ಎಲ್ಲವೂ ಬೇಸಿಗೆಯಲ್ಲೇ ಮೇಲೆ ಹೋಗಿ ಕೂತಿರಬೇಕು. ಇದಕ್ಕೆ ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಅಂತಾರೆ. ನಾವು ಮಳೆಗಾಲಕ್ಕೆ ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವುದಿಲ್ಲವೇ ಅಂತ ನಾನು ಕೇಳಿದೆ. ಮಾಮ ನಕ್ಕರು. "ನಿಮಗೆ ಹಪ್ಪಳ ಮುಗಿದರೆ ಪೇಟೆಗೆ ಹೋಗಬಹುದು."

ಅಲ್ಲಿ ಜೀವ ಹಿಡಿದಿಡುವುದು ಸೀಮೆಎಣ್ಣೆ. ಬುಖಾರಿ ಅನ್ನುವ ಒಲೆ ಅದರಿಂದಲೇ ಉರಿಯುತ್ತದೆ. ಅನ್ನ ಬೇಯಲು, ಹಿಮ ಕರಗಿಸಿ ನೀರು ಮಾಡಲು, ಮೈ ಬೆಚ್ಚಗಿರಲು ಎಲ್ಲಕ್ಕೂ ಅದೇ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್‌ನಲ್ಲಿ ಸಿಯಾಚಿನ್‌ಗೆ ನಮ್ಮವರು ಏರಿದರು ಅಂತ ಓದುತ್ತೇವೆ. ಏರಿದ್ದು ಒಂದು ಸಲ. ಅಂದಿನಿಂದ ಇವತ್ತಿನವರೆಗೆ ಅಲ್ಲಿಗೆ ಜೆರಿಕ್ಯಾನ್‌ಗಳು ಏರುತ್ತಲೇ ಇವೆ. ಬೇಸ್ ತನಕ ಲಾರಿ, ಆಮೇಲೆ ಹೆಲಿಕಾಪ್ಟರ್, ಕೊನೆಗೆ ಮನುಷ್ಯರ ಬೆನ್ನು.

ಚಳಿಗೆ ಡೀಸೆಲ್ ಕೂಡ ದಪ್ಪಗಾಗಿ ಎಂಜಿನ್‌ಗೆ ಇಳಿಯುವುದಿಲ್ಲ. ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡುವುದೇ ಒಂದು ಹೋರಾಟ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ತಂದದ್ದು 2019ರಲ್ಲಿ. ಮಾಮನ ಸರ್ವಿಸ್ ಅಷ್ಟರಲ್ಲಿ ಮುಗಿದಿತ್ತು. ಮಾರನೇ ವರ್ಷ ರೋಹ್ತಾಂಗ್ ಅಡಿಯಲ್ಲಿ ಅಟಲ್ ಸುರಂಗ ಬಂತು, 9.02 ಕಿಲೋಮೀಟರ್. ಜೊಜಿಲಾ ಮುಚ್ಚುವ ಅವಧಿಯೂ ಈಗೀಗ ತುಂಬಾ ಇಳಿದಿದೆ. "ಈಗಿನವರಿಗೆ ಸುಲಭ ಅಲ್ವಾ ಮಾಮ?" ಅಂದರೆ ಅವರು ಒಪ್ಪುವುದಿಲ್ಲ. ಸುಲಭವಾದಷ್ಟೂ ಮೇಲಿನವರು ಜಾಸ್ತಿ ಕೇಳುತ್ತಾರಂತೆ.

ಆಲೂಗಡ್ಡೆಯ ಬಗ್ಗೆ ಅವರು ಅರ್ಧ ಗಂಟೆ ಮಾತಾಡಬಲ್ಲರು. ಒಮ್ಮೆ ಹೆಪ್ಪುಗಟ್ಟಿದರೆ ಅದು ಸಿಹಿಯಾಗಿ, ಕಪ್ಪಾಗಿ, ತಿನ್ನಲು ಬಾರದ ಹಾಗಾಗುತ್ತದೆ. ಅದಕ್ಕೆ ಎಲ್ಲಿಡಬೇಕು, ಏನು ಹೊದಿಸಬೇಕು, ರಾತ್ರಿ ಎಷ್ಟು ಹೊತ್ತಿಗೆ ಹೋಗಿ ನೋಡಬೇಕು ಎಲ್ಲಕ್ಕೂ ಲೆಕ್ಕ ಇದೆ. ಪ್ಯಾಕ್ ಆದ ಸಾಮಾನಿಗೆ ಇಷ್ಟು ತಿಂಗಳು ಅಂತ ಬಾಳಿಕೆ ನಿಗದಿ ಮಾಡಿರುತ್ತಾರೆ. ಅದು ದಾಟಿದರೆ ಲ್ಯಾಬ್ ಒಪ್ಪದೆ ಕೊಡುವಂತಿಲ್ಲ. ಹಾಳಾದ ಒಂದು ಟಿನ್ ಹಾಲು ಮೇಲಿನ ಪೋಸ್ಟ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿ ವಾಪಸ್ ಕೊಟ್ಟು ಬೇರೆ ತರಲು ಅಂಗಡಿ ಇಲ್ಲ. ವಾಂತಿ ಭೇದಿಯಾದರೆ ಹೆಲಿಕಾಪ್ಟರ್ ಬರಬೇಕು, ಹವೆ ಸರಿಯಿಲ್ಲದಿದ್ದರೆ ಅದೂ ಇಲ್ಲ.

ಕಾರ್ಗಿಲ್ ಬಗ್ಗೆ ನಾವು ಎಷ್ಟೆಲ್ಲ ಕೇಳಿದ್ದೇವೆ. ಟೋಲೊಲಿಂಗ್, ಟೈಗರ್ ಹಿಲ್, ಬೋಫೋರ್ಸ್. ಆ 1999ರ ಬೇಸಿಗೆಯಲ್ಲಿ ನಮ್ಮ ಫಿರಂಗಿಗಳು ಎರಡೂವರೆ ಲಕ್ಷಕ್ಕಿಂತ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿದವು ಅಂತ ಲೆಕ್ಕ. ಬೋಫೋರ್ಸ್‌ನ ಶೆಲ್ ಒಂದೊಂದೂ ನಲವತ್ತು ಕಿಲೋ ದಾಟುತ್ತದೆ. ಅವು ದ್ರಾಸ್‌ನಲ್ಲಿ ತಾವಾಗಿ ಬೆಳೆದದ್ದಲ್ಲ. ಯಾವುದೋ ಡಿಪೋದಲ್ಲಿ ಒಬ್ಬ ಸುಬೇದಾರ್ ಎಣಿಸಿ ಕೊಟ್ಟಿದ್ದಾನೆ. ಯಾರೋ ಲೋಡ್ ಮಾಡಿದ್ದಾರೆ. ಶತ್ರು ಮೇಲಿನಿಂದ ಹೆದ್ದಾರಿಯನ್ನೇ ಗುರಿಯಿಟ್ಟು ಹೊಡೆಯುತ್ತಿದ್ದಾಗ ಡ್ರೈವರುಗಳು ರಾತ್ರಿ ಹೆಡ್‌ಲೈಟ್ ಹಾಕದೆ ಓಡಿಸಿದ್ದಾರೆ. ಮಾಮ ಆಗ ಲೇಹ್ ಕಡೆಯ ಒಂದು ಸಪ್ಲೈ ಡಿಪೋದಲ್ಲಿ ನಾಯಕ್. "ನಿದ್ದೆ ಯಾವಾಗ ಮಾಡಿದೆ ಅಂತ ನೆನಪಿಲ್ಲ, ಆದರೆ ಯಾವ ಲಾರಿ ಎಷ್ಟು ಹೊತ್ತಿಗೆ ಬಿಟ್ಟಿತು ಅನ್ನುವುದು ಪುಸ್ತಕದಲ್ಲಿದೆ" ಅನ್ನುತ್ತಾರೆ.

ಇದಕ್ಕೆ ಉಲ್ಟಾ ಉದಾಹರಣೆ 1962ರ ಚೀನಾ ಯುದ್ಧ. ಬಯಲಿನಿಂದ ಕರೆದೊಯ್ದ ಸೈನಿಕರು ಹತ್ತಿಯ ಸಮವಸ್ತ್ರದಲ್ಲೇ ಹಿಮಕ್ಕೆ ನಿಂತರು. ವಿಮಾನದಿಂದ ಹಾಕಿದ ಸಾಮಾನಿನಲ್ಲಿ ಎಷ್ಟೋ ಪಾಲು ಕಂದರಕ್ಕೆ ಬಿತ್ತು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಬೂಟು ಮತ್ತು ಕಂಬಳಿಗೆ ಇತ್ತು. ಮಾಮನ ತಲೆಮಾರಿನ ಸುಬೇದಾರರಿಗೆಲ್ಲ ಈ ಪಾಠ ಬಾಯಿಪಾಠ.

ಇವರ ಹಿಂದಿನವರ ಕಥೆಯೂ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ 1939ರ ಡಿಸೆಂಬರಿನಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಫ್ರಾನ್ಸ್‌ಗೆ ಹೋದವರು ಹೇಸರಗತ್ತೆಗಳ ಕಂಪೆನಿಯವರು, ಇವತ್ತಿನ ಎ.ಎಸ್.ಸಿ.ಯ ಪೂರ್ವಜರು. ಡಂಕರ್ಕ್ ಹತ್ತಿರ 1940ರ ಮೇ ತಿಂಗಳಲ್ಲಿ ಶೆಲ್, ಬಾಂಬುಗಳ ನಡುವೆ ತನ್ನ ಜನರನ್ನೂ ಪ್ರಾಣಿಗಳನ್ನೂ ರಸ್ತೆಯಿಂದ ಇಳಿಸಿ ಮರೆಗೆ ಸೇರಿಸಿದ ಜಮಾದಾರ್ ಮೌಲಾ ದಾದ್ ಖಾನ್‌ಗೆ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಬಂತು. ಇವತ್ತಿನ ಲೆಕ್ಕದಲ್ಲಿ ಅವರು ಒಬ್ಬ ನಾಯಬ್ ಸುಬೇದಾರ್. ಆಮೇಲೆ ಪೆಡೋಂಗಿ ಅನ್ನುವ ಹೇಸರಗತ್ತೆ. 1971ರ ಯುದ್ಧದಲ್ಲಿ ಪಾಕಿಸ್ತಾನಿಗಳ ಕೈಗೆ ಸಿಕ್ಕಿ, ಬೆನ್ನ ಮೇಲೆ ಅವರ ಮೆಷಿನ್ ಗನ್ನು, ಗುಂಡಿನ ಪೆಟ್ಟಿಗೆ ಹೊತ್ತುಕೊಂಡೇ ನಮ್ಮ ಕಡೆಗೆ ನಡೆದು ಬಂತು. 1987ರಲ್ಲಿ ಅದಕ್ಕೆ ನೀಲಿ ಮಖಮಲ್ಲಿನ ಹೊದಿಕೆ ಹೊದಿಸಿ ಗೌರವಿಸಿದರು. ಸಂಘದ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು, "ಹಾಗಾದರೆ ಶಾಲು ಅಲ್ಲೂ ಬಿಡಲಿಲ್ಲ" ಅಂದರು.

ಬ್ರಿಟಿಷರು ಈ ವಿಷಯದಲ್ಲಿ ಒಂದು ಒಳ್ಳೆಯ ಪದ್ಧತಿ ಉಳಿಸಿಕೊಂಡಿದ್ದಾರೆ. ಅವರ ರಾಯಲ್ ಲಾಜಿಸ್ಟಿಕ್ ಕೋರ್‌ನ ಆಯ್ದ ಕೆಲವೇ ಹಿರಿಯ ವಾರಂಟ್ ಆಫೀಸರುಗಳನ್ನು 'ಕಂಡಕ್ಟರ್' ಎಂದು ನೇಮಿಸುತ್ತಾರೆ. 1327ರ ಒಂದು ಶಾಸನದಲ್ಲೇ ಆ ಹೆಸರು ಸಿಗುತ್ತದಂತೆ. 1879ರ ಜನವರಿ 11ರ ರಾಜಾಜ್ಞೆಯಲ್ಲಿ ಅದಕ್ಕೆ ವಾರಂಟ್ ಆಫೀಸರ್ ಸ್ಥಾನ ಖಾತ್ರಿಯಾಯಿತು. ಅಂದರೆ ಸಾಮಾನು ಸಾಗಿಸುವ ಕೆಲಸದಲ್ಲಿ ತಲೆ ನರೆತವರಿಗೆಂದೇ ಒಂದು ಜಾಗ, ಒಂದು ಹೆಸರು. ನನಗೆ ಇದು ತುಂಬಾ ಹಿಡಿಸಿತು. ಧೈರ್ಯಕ್ಕೆ ಪದಕ ಎಲ್ಲ ಸೈನ್ಯದಲ್ಲೂ ಇದೆ. ಮೂವತ್ತು ವರ್ಷ ಲೆಕ್ಕ ತಪ್ಪದೆ ನಡೆದದ್ದಕ್ಕೆ ಮರ್ಯಾದೆ ಕೊಡಲು ಸ್ವಲ್ಪ ತಾಳ್ಮೆ ಬೇಕು.

ನಿಜವಾಗಿ ನೋಡಿದರೆ ನಮ್ಮ ಊರಿಗೆ ಇದು ಬೇಗ ಅರ್ಥವಾಗಬೇಕಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ವಿಜಯಾ. ಲೆಡ್ಜರ್ ಅಂದರೆ ಏನು ಅಂತ ಈ ಎರಡು ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಉಡುಪಿ ಕೃಷ್ಣಮಠದ ಪರ್ಯಾಯದಲ್ಲಿ ಒಬ್ಬ ಸ್ವಾಮಿಗಳು ಇನ್ನೊಬ್ಬರಿಗೆ ಅಧಿಕಾರ ಕೊಡುವಾಗ ಕೈಗೆ ಏನು ಕೊಡುತ್ತಾರೆ? ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ. ಅದಕ್ಕಿಂತ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಅಂತ ಒಂದೊಂದಾಗಿ ತಯಾರಿ. ಮಾಮ ಒಂದು ಡಿಪೋ ಬಿಟ್ಟು ಇನ್ನೊಂದಕ್ಕೆ ಹೋಗುವಾಗಲೂ ಹೀಗೆಯೇ. ಬಂದವನೂ ಹೋಗುವವನೂ ಒಟ್ಟಿಗೆ ನಿಂತು ಎಲ್ಲವನ್ನೂ ಎಣಿಸಬೇಕು. ಸಹಿ ಬಿದ್ದ ಮೇಲೆ ಕಡಿಮೆ ಬಂದದ್ದು ಸಹಿ ಹಾಕಿದವನ ತಲೆಗೆ.

ಇಷ್ಟೆಲ್ಲ ಇದ್ದೂ ನಾವು ನಿವೃತ್ತರಾಗಿ ಬಂದವರಿಗೆ ಕೇಳುವ ಮೊದಲ ಪ್ರಶ್ನೆ, "ಎಷ್ಟು ಜನರನ್ನು ಹೊಡೆದಿರಿ?" ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸೆಲೂನಿನಲ್ಲಿ. ರಾಶನ್ ಡಿಪೋ ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. "ಓ, ಒಳಗಿನ ಕೆಲಸವಾ?" ಕೆಲವರು ಇದೇ ಕಾರಣಕ್ಕೆ ಸುಮ್ನೆ ಒಂದೆರಡು ಗುಂಡಿನ ಕಥೆ ಕಟ್ಟಿ ಹೇಳಿಬಿಡುತ್ತಾರೆ ಅಂತ ಮಾಮ ಹೇಳಿದರು. ತಪ್ಪು ಕೇಳುವವರದ್ದೇ ಅಂತ ನನ್ನ ಅಭಿಪ್ರಾಯ.

ಮಂಗಳೂರಿನ ಕದ್ರಿಯಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಹುತಾತ್ಮರ ಸ್ಮಾರಕಗಳಿವೆ. ಜುಲೈ 26ಕ್ಕೆ ಅಲ್ಲಿ ಹೂವಿಡುತ್ತಾರೆ. ಅದು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದುಕಿ ಮನೆಗೆ ಬಂದವರ ಪೂರ್ತಿ ಸರ್ವಿಸ್ ಅಂದರೆ ಏನು ಅನ್ನುವುದನ್ನು ಬರೆದಿಡಲು ನಮಗೊಂದು ಕ್ರಮ ಇಲ್ಲ. ಸನ್ಮಾನ ಪತ್ರ ಆ ಕೆಲಸ ಮಾಡಬಹುದಿತ್ತು. ನಾವು ಅದನ್ನು ವಿಶೇಷಣಗಳಿಂದ ತುಂಬಿಸಿ ಹಾಳು ಮಾಡಿದ್ದೇವೆ.

ಹಾಗಾಗಿ ಈ ಸಲದ ಪತ್ರದಲ್ಲಿ 'ಕಲಿ' ಇರಲಿಲ್ಲ. ಯಾವ ವರ್ಷ ಸೇರಿದರು, ಎಲ್ಲೆಲ್ಲಿದ್ದರು, ಯಾವ ಚಳಿಗಾಲದಲ್ಲಿ ಯಾವ ಡಿಪೋ ಅವರ ಕೈಯಲ್ಲಿತ್ತು, ಎಷ್ಟು ಹುಡುಗರಿಗೆ ಅಟ್ಟಿ ಕಟ್ಟಲು ಕಲಿಸಿದರು, ಆಲೂಗಡ್ಡೆಯನ್ನು ಚಳಿಯಿಂದ ಹೇಗೆ ಉಳಿಸಿದರು. ಆಲೂಗಡ್ಡೆ ತೆಗೆಯಿರಿ ಅಂತ ಕಾರ್ಯದರ್ಶಿಯವರು ಹಟ ಹಿಡಿದರು. ತೆಗೆಯಲಿಲ್ಲ. ಓದುವಾಗ ಸಭೆಯಲ್ಲಿ ಮೊದಲು ನಗು ಬಂತು, ಆಮೇಲೆ ಹಿಂದಿನ ಸಾಲಿನವರೂ ಕಿವಿಗೊಟ್ಟರು. ಅತ್ತೆಯನ್ನೂ ವೇದಿಕೆಗೆ ಕರೆದೆವು. ಅವರ ಬಳಿ ಇದ್ದದ್ದು ವರ್ಷಗಟ್ಟಲೆ ಒಂದೇ ವಿಳಾಸ, 56 ಎ.ಪಿ.ಒ. ಅನ್ನುವ ಸೇನೆಯ ಅಂಚೆ ಕಚೇರಿ. ಗಂಡ ನಿಜವಾಗಿ ಯಾವ ಊರಿನಲ್ಲಿದ್ದಾರೆ ಅಂತ ಆ ವಿಳಾಸ ಹೇಳುವುದಿಲ್ಲ. "ಪತ್ರ ಕೇಳಿದ ಮೇಲೆ ಗೊತ್ತಾಯಿತು ಇವರು ಎಲ್ಲೆಲ್ಲ ಇದ್ದರು ಅಂತ" ಅಂದರು ಅತ್ತೆ, ಮೈಕ್ ಆನ್ ಇದೆ ಅಂತ ಗೊತ್ತಿಲ್ಲದೆ.

ಸೇನೆಗೆ ಸೇರಬೇಕು ಅಂತ ಓಡುವ ಅಭ್ಯಾಸ ಮಾಡುವ ನಾಲ್ಕಾರು ಹುಡುಗರು ನಮ್ಮ ಮೈದಾನದಲ್ಲಿದ್ದಾರೆ. 2022ರಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಕೆ. ಕೈಯಲ್ಲಿ ಹಿಟ್ಟು ಹಿಡಿದು ಇದು ಎಷ್ಟು ತಿಂಗಳು ನಿಲ್ಲುತ್ತದೆ ಅಂತ ಹೇಳಲು ಎಷ್ಟು ವರ್ಷ ಬೇಕು ಅಂತ ಮಾಮನನ್ನು ಕೇಳಿದೆ. "ನನಗೆ ಹತ್ತು ಬೇಕಾಯಿತು. ಅವರು ಹುಷಾರಿದ್ದಾರೆ, ಬೇಗ ಕಲಿಯಬಹುದು" ಅಂದರು. ಅಷ್ಟೇ. ರಾಜಕೀಯಕ್ಕೆ ಎಳೆದರೂ ಅವರು ಬರುವುದಿಲ್ಲ.

ಈಗ ಮಾಮನಿಗೆ ನವೆಂಬರ್ ತಿಂಗಳೇ ಸೀಸನ್. ಪೆನ್ಶನ್ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ, ವರ್ಷಕ್ಕೊಮ್ಮೆ ಜೀವಂತ ಇದ್ದೇವೆ ಅಂತ ಪ್ರಮಾಣ ಕೊಡುವುದೇ ಹಳಬರಿಗೆ ಒಂದು ತಲೆನೋವು. ಕಾರ್ಕಳ, ಕಾಪು, ಬ್ರಹ್ಮಾವರದ ಕಡೆಯಿಂದ ವಯಸ್ಸಾದ ಸೈನಿಕರು, ಸೈನಿಕರ ವಿಧವೆಯರು ಅವರ ಮನೆಗೆ ಬರುತ್ತಾರೆ. ಮಾಮ ಒಬ್ಬೊಬ್ಬರ ಹೆಸರಿಗೂ ಒಂದೊಂದು ಫೈಲ್ ಇಟ್ಟಿದ್ದಾರೆ, ಯಾರದ್ದು ಮೊದಲು ಮುಗಿಯಬೇಕು ಅನ್ನುವ ಪಟ್ಟಿ ಗೋಡೆಯ ಮೇಲಿದೆ. ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣ ಕೊಡುವ ಆ್ಯಪ್ ನನಗೆ ಬರುತ್ತದೆ ಅನ್ನುವ ಕಾರಣಕ್ಕೆ ಈ ವರ್ಷ ನನ್ನನ್ನೂ ಕೂರಿಸಿದ್ದಾರೆ. ಕೆಲಸ ಶುರು ಮಾಡುವ ಮೊದಲು ಒಂದು ರಿಜಿಸ್ಟರ್ ಮುಂದಿಟ್ಟು, ಇಷ್ಟು ಫೈಲ್ ನನ್ನ ಕೈಗೆ ಬಂದಿದೆ ಅಂತ ಸಹಿ ಹಾಕಿಸಿಕೊಂಡರು.